ತಿರುವಿನಾಚೆಯ ಹಾರ್ನ್

ಕಾರಿನ ಕೀ ಯಾರ ಕೈಗೆ ಎನ್ನುವುದು ಅಂದು ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು. ಅಮಾಲ್ಫಿ ಕರಾವಳಿಯಲ್ಲಿ ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದ ಕಟೆಲ್ಲೋಗೂ ಮಗಳು ಮೆನಾಳಿಗೂ ಆದ ಒಪ್ಪಂದವಿಷ್ಟೆ: ತಮ್ಮೂರು ಮಿನೋರಿಯಿಂದ ಪೊಸಿತಾನೋಗೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅಪ್ಪ ಒಂದು ತಪ್ಪು ಮಾಡಿದರೂ ಕೀ ಮಗಳದು. ಆಮೇಲೆ ಅವನ ಪಾಲಿಗೆ ಚರ್ಚಿನೆದುರಿನ ಬೆಂಚು. ಅಲ್ಲಿ ದಿನವಿಡೀ ಸುಮ್ಮನೆ ಕೂತ ಮುದುಕರನ್ನು ಅವನು ನೋಡಿದ್ದ. ಅಯ್ಯೋ, ಅದಕ್ಕಿಂತ ಸಮುದ್ರವೇ ವಾಸಿ!

ಮೆನಾಳಿಗೆ ಅನುಮಾನವಿದ್ದದ್ದು ಅಪ್ಪನ ಕಣ್ಣಿನ ಮೇಲೆ.

"ಅಪ್ಪಾ, ಆ ಬೋರ್ಡ್ ಓದು ನೋಡೋಣ."

"ನಿಂಬೆಹಣ್ಣು ಮಾರಾಟಕ್ಕಿದೆ. ಕೆಳಗೆ ಸಣ್ಣದಾಗಿ, ಹಿಸುಕಬೇಡಿ ಅಂತ. ಹಿಂದೆ ಅಂಗಡಿಯವನ ಹೆಂಡ್ತಿ ಆಕಳಿಸ್ತಾ ಇದಾಳೆ. ಹಲ್ಲೂ ಎಣಿಸ್ಲಾ?"

"ಸಾಕು ಮಾರಾಯ, ರಸ್ತೆ ನೋಡು!"

ಮುದುಕ ಮೀಸೆಯಡಿಯಲ್ಲಿ ನಕ್ಕ. ಕಣ್ಣು ಗಟ್ಟಿಯಾಗಿಯೇ ಇತ್ತು. ಕೆಟ್ಟಿದ್ದು ಕಿವಿ, ಅದು ಅವನೊಬ್ಬನಿಗೇ ಗೊತ್ತು. ಪಕ್ಕದಲ್ಲಿ ಕೂತು ಕೂಗುವ ಮಗಳ ದನಿ ಹೇಗೋ ದಕ್ಕುತ್ತಿತ್ತು, ದೂರದ ಸದ್ದು ದಕ್ಕುತ್ತಿರಲಿಲ್ಲ.

ಪ್ರಯಾನೋ ಊರು ದಾಟಿದ ಮೇಲೆ, ಎದುರಿನಿಂದ ಬರುವುದು ಏನೂ ಕಾಣದ ತಿರುವು ಬಂತು. ಅಲ್ಲಿ ಹಾರ್ನ್ ಹೊಡೆದು ಕಿವಿಗೊಡಬೇಕು. ಆಚೆಯಿಂದ ಬಸ್ಸಿನ ಹಾರ್ನ್ ಬಂದರೆ ನಿಲ್ಲಬೇಕು. ಕಟೆಲ್ಲೋ ಹೊಡೆದ. ಕಾದ. ಏನೂ ಕೇಳಿಸಲಿಲ್ಲ. ಮುಂದೆ ಬಿಟ್ಟ.

"ಅಪ್ಪಾ!"

ಗಾಜಿನ ತುಂಬ ಬಸ್ಸಿನ ಮೂತಿ. ಎರಡೂ ಗಾಡಿಗಳು ಬ್ರೇಕು ಕಿರುಚಿಸಿ ನಿಂತಾಗ ನಡುವೆ ಉಳಿದದ್ದು ಗೇಣು ಜಾಗ. ಬಸ್ಸಿನ ಚಾಲಕ ಕೆಳಗಿಳಿದು ಬಂದ. ಕಟೆಲ್ಲೋ ಕೈಯಲ್ಲೇ ಪಳಗಿದವನು.

"ಮೇಷ್ಟ್ರೇ, ನೀವಾ? ಎರಡು ಸಲ ಹಾರ್ನ್ ಹೊಡೆದ್ನಲ್ಲ!" ಎಂದವನು, ಮುದುಕನ ಮುಖ ನೋಡಿ ದನಿ ತಗ್ಗಿಸಿದ. "ಹೋಗ್ಲಿ ಬಿಡಿ. ಬಿಸಿಲು ಕಣ್ಣಿಗೆ ಹೊಡೀತಿತ್ತು, ನಾನೇ ಸ್ವಲ್ಪ ಜೋರಾಗಿ ಬಂದೆ."

"ನಂಗೂ ಕೇಳಿಸ್ತು," ಎಂದಳು ಮೆನಾ. "ನೀನು ನಿಲ್ಲಿಸೇ ನಿಲ್ಲಿಸ್ತೀಯ ಅಂತ ಸುಮ್ನಿದ್ದೆ ಅಪ್ಪಾ."

ಆ ನಂಬಿಕೆಯೇ ಇಬ್ಬರನ್ನೂ ಕಡಲಿಗೆ ಹಾಕುವುದರಲ್ಲಿತ್ತು. ಬಸ್ಸಿನವನು ಕೊಟ್ಟ ನೆಪವನ್ನು ಹಿಡಿದುಕೊಳ್ಳಲು ಮುದುಕನಿಗೆ ನಾಚಿಕೆಯಾಯಿತು.

"ಅವನ ತಪ್ಪಲ್ಲ, ಬಿಸಿಲಿಂದೂ ಅಲ್ಲ," ಎಂದ. "ನಂಗೆ ಕಿವಿ ಕೇಳಲ್ಲ ಮಗಳೇ."

ಕಾರನ್ನು ಒಂದೇ ಏಟಿಗೆ ಹಿಂದಕ್ಕೆ ತೆಗೆದು ಬಸ್ಸಿಗೆ ದಾರಿ ಬಿಟ್ಟ. ಆಮೇಲೆ ಇಳಿದು, ಕೀಯನ್ನು ಮಗಳ ಕೈಗಿಟ್ಟು, ಆಚೆ ಸೀಟಿಗೆ ಹೋಗಿ ಕೂತ. ಮೆನಾ ಕಣ್ಣೊರೆಸಿಕೊಂಡು ಪೊಸಿತಾನೋ ಕಡೆಗೇ ಹೊರಟಳು, ಊಟವಂತೂ ಆಗಬೇಕಿತ್ತು.

ಮುಂದಿನ ತಿರುವಿನಲ್ಲಿ ಹಾರ್ನ್ ಹೊಡೆದವಳು ಹಾಗೇ ನುಗ್ಗಿಸಹೋದಳು. ಅಪ್ಪ ಅವಳ ಮೊಣಕೈ ಹಿಡಿದ.

"ತಡಿ. ನಂಗಂತೂ ಕೇಳಲ್ಲ, ನೀನಾದ್ರೂ ಕೇಳಿಸ್ಕೋ."

ಮೆನಾ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಅವನ ಕಿವಿಯ ಹತ್ತಿರ ಬಾಗಿ ಕೂಗಿದಳು:

"ಬಸ್ಸು ಬರ್ತಾ ಇದೆ ಅಪ್ಪಾ."