ಅಲ್ಲಾಡದ ಹತ್ತು ಸೆಕೆಂಡು

ಸಿಡ್ನಿಯ ಪೆಂಡಲ್ ಹಿಲ್‌ನ ಕಜೆತಾನ್ ಅಂಕಲ್ ಮೆಲ್ಬರ್ನ್‌ಗೆ ಬಂದದ್ದು ಒಂದು ಹಳೇ ಫೋಟೋ ಹಿಡಿದುಕೊಂಡು. ನೂರನಲವತ್ತು ವರ್ಷಗಳ ಹಿಂದೆ, ಹಡಗಿನಲ್ಲಿ ಬಂದಿಳಿದವರಿಗೆ ಮಾರಲೆಂದು ಯಾರೋ ತೆಗೆದ ಯಾರಾ ನದಿಯ ನೋಟ ಅದು. ದಡವೆಲ್ಲ ಖಾಲಿ. ದೀಪದ ಕಂಬದ ಪಕ್ಕ ಒಬ್ಬಳೇ ಹೆಂಗಸು.

ಆಗಿನ ಕ್ಯಾಮೆರಾ ಬಲು ನಿಧಾನ. ನಡೆದಾಡುವವರೆಲ್ಲ ಅದರಲ್ಲಿ ಮಾಯವಾಗಿ, ಸುಮ್ಮನೆ ನಿಂತವರಷ್ಟೇ ಉಳಿಯುತ್ತಿದ್ದರು. ಜನರನ್ನೆಲ್ಲ ರಾಕ್ಷಸ ನುಂಗಿಬಿಟ್ಟ ಪಟ್ಟಣಗಳಂತಿರುವ ಆ ಚಿತ್ರಗಳನ್ನು ನೋಡಿ ನೋಡಿಯೇ ನಾನು ಆ ವಿದ್ಯೆ ಕಲಿತದ್ದು. ವಾರವಿಡೀ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕಿನಲ್ಲಿ ನೌಕರಿ. ಭಾನುವಾರ ಮಾತ್ರ ಫಿಲ್ಮಿನ ಬದಲು ಗಾಜಿಗೆ ರಾಸಾಯನಿಕದ ಮದ್ದು ಬಳಿದು ಫೋಟೋ ತೆಗೆಯುವ ಕೆಲಸ.

"ಇದೇ ಜಾಗ, ಇದೇ ರೀತಿ ಒಂದು ಬೇಕು," ಎಂದರು ಅಂಕಲ್. "ಸರಿ ಬಂದ್ರೆ ಸಿಡ್ನಿ, ಮೆಲ್ಬರ್ನ್ ಎರಡೂ ಸಿಟಿಯ ಹನ್ನೆರಡು ನೋಟ ನೀನೇ ತೆಗಿ. ಇಲ್ಲದಿದ್ರೆ ಬೇರೆಯವ್ರನ್ನ ನೋಡ್ತೇನೆ. ಮಧ್ಯಾಹ್ನ ಫ್ಲೈಟ್ ಉಂಟು ನಂಗೆ."

ನದಿ ದಡದ ಅದೇ ಕಂಬದ ಬಳಿ ನಿಲ್ಲಲು ಪಕ್ಕದ ಮನೆಯ ಕುಸುಮಾವತಿ ಆಂಟಿಯನ್ನು ಕರೆತಂದಿದ್ದೆ. "ಆಂಟಿ, ಹತ್ತು ಸೆಕೆಂಡ್ ಅಲ್ಲಾಡ್ಬಾರ್ದು, ಆಯ್ತಾ?" ಎಂದು ಕೂಗಿ ಲೆನ್ಸಿನ ಮುಚ್ಚಳ ತೆಗೆದೆ.

ಗಾಜು ತೊಳೆದು ನೋಡಿದರೆ ಸೀರೆ ಇದೆ, ಕೈಚೀಲ ಇದೆ. ತಲೆಯೇ ಇಲ್ಲ! ನನ್ನ ಮಾತಿಗೆ ಆಂಟಿ ಹತ್ತೂ ಸೆಕೆಂಡು "ಆಯ್ತು ಆಯ್ತು" ಎಂದು ತಲೆಯಾಡಿಸಿದ್ದರು.

"ಎಂತ ಮಾರಾಯ್ತಿ, ಆಂಟಿಯ ತಲೆ ಯಾರು ತಿಂದದ್ದು?" ಅಂಕಲ್ ಹೊಟ್ಟೆ ಹಿಡಿದು ನಕ್ಕರು.

"ನಾನು ಅಲ್ಲಾಡ್ಲೇ ಇಲ್ಲಪ್ಪ!" ಎಂದು ಆಂಟಿ ಮತ್ತೆ ತಲೆಯಾಡಿಸಿದರು.

ಉಳಿದದ್ದು ಒಂದೇ ಗಾಜು. ಇವರಿಗೆ ಏನೇ ಹೇಳಿದರೂ ತಲೆ ಆಡುತ್ತದೆ, ಹೇಳದಿದ್ದರೆ "ಮುಗೀತಾ?" ಎಂದು ಬಾಯಿ ತೆರೆಯುತ್ತಾರೆ. ನನ್ನ ಅಜ್ಜಿಯ ಕಥೆಗೆ ನಾವು ಮೊಮ್ಮಕ್ಕಳು ಸಾಲಿಗೊಮ್ಮೆ ಹೂಂಗುಟ್ಟಬೇಕಿತ್ತು. ಆದರೂ ಕಥೆಯ ಒಂದು ಘಟ್ಟದಲ್ಲಿ ಯಾರ ಗಂಟಲಿನಿಂದಲೂ ಹೂಂ ಹೊರಡುತ್ತಿರಲಿಲ್ಲ. ಅದು ನೆನಪಾಯಿತು. ಬೆಳಕು ತಡೆಯುವ ಕಪ್ಪು ಟೆಂಟಿನೊಳಗೆ ಆ ಗಾಜಿಗೆ ಮದ್ದು ಬಳಿದು, ತಂದು ಕ್ಯಾಮೆರಾದಲ್ಲಿಟ್ಟೆ.

"ಆಂಟಿ, ಒಂದು ಕಥೆ ಹೇಳ್ತೇನೆ. ರಾಕ್ಷಸನ ಮನೆಗೆ ಒಬ್ಳು ಹುಡುಗಿ ಕದ್ದು ಹೋದ್ಳು."

"ಹೂಂ, ಹೋದ್ಳು."

"ಅಷ್ಟರಲ್ಲಿ ಅವನು ಬಂದೇಬಿಟ್ಟ. ಇವಳು ಕಂಬಕ್ಕೆ ಒರಗಿ ನಿಂತ್ಳು. ಅವನು ಮೂಗರಳಿಸಿ ಹತ್ತಿರ ಬಂದ... ಇನ್ನೂ ಹತ್ತಿರ..."

ಮುಚ್ಚಳ ತೆಗೆದು, ಬೆರಳಲ್ಲಿ ಎಣಿಸುತ್ತಾ ದನಿ ತಗ್ಗಿಸಿದೆ. ಆಂಟಿಯ ಕಣ್ಣು ನನ್ನ ಮೇಲೆಯೇ ನೆಟ್ಟಿತ್ತು. ಸೈಕಲ್ಲುಗಳು ಹೋದವು, ಓಡುವವರು ಹೋದರು. ಆಂಟಿ ಉಸಿರೂ ಬಿಡಲಿಲ್ಲ. ಹತ್ತು!

ಮುಚ್ಚಳ ಹಾಕಿ, ಮದ್ದು ಒಣಗುವ ಮೊದಲು ತೊಳೆಯಬೇಕೆಂದು ಗಾಜಿದ್ದ ಪೆಟ್ಟಿಗೆ ಎತ್ತಿಕೊಂಡು ಕಪ್ಪು ಟೆಂಟಿಗೆ ಓಡಿದೆ. ಹಿಂದೆಯೇ ಚಪ್ಪಲಿಯ ಸದ್ದು.

"ಏ ಅಪೇಕ್ಷಾ! ಹಿಡಿದ್ನಾ ಅವ್ಳನ್ನ?"

"ಬರ್ತೇನೆ ಆಂಟಿ, ಒಂದ್ನಿಮಿಷ!"

ಹೊರಗೆ ಬಂದು ಕೊನೆಯ ಮದ್ದಿನ ತಟ್ಟೆಗೆ ಗಾಜು ಇಳಿಸಿದೆ. ಮಂಜು ಕರಗಿದಂತೆ ನದಿ ಬಂತು, ಕಂಬ ಬಂತು, ಆಂಟಿಯ ಮುಖ ಬಂತು, ಮೂಗುತಿ ಸಮೇತ. ನಿರ್ಜನ ನಗರದಲ್ಲಿ ಒಬ್ಬರೇ.

ಅಂಕಲ್ ಹಳೇ ಫೋಟೋವನ್ನು ಪಕ್ಕದಲ್ಲಿಟ್ಟು ಎರಡನ್ನೂ ಹೋಲಿಸಿ ನೋಡಿದರು.

"ಉಳಿದ ಹನ್ನೊಂದೂ ನೀನೇ ತೆಗಿ," ಎಂದರು. ಆಮೇಲೆ ಗಡಿಯಾರ ನೋಡಿ ಹುಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. "ಫ್ಲೈಟಿಗೆ ಟೈಮುಂಟು. ಆ ಹುಡುಗಿ ಎಂತ ಆದ್ಳು, ಅದನ್ನ ಹೇಳು."