ಬೆನ್ನಿನೊಳಗಿನ ಪಟ್ಟಿ

ಮೇಷ್ಟ್ರು ಪುಸ್ತಕವನ್ನು ನಡುಮಧ್ಯಕ್ಕೆ ಬಿಚ್ಚಿ ಮೇಜಿನ ಮೇಲಿಟ್ಟು ಕೈ ತೆಗೆದರು. ಅದು ಪಟ್ಟನೆ ಮುಚ್ಚಿಕೊಂಡಿತು. ಇನ್ನೊಮ್ಮೆ ಬಿಚ್ಚಿದರು, ಇನ್ನೊಮ್ಮೆ ಮುಚ್ಚಿಕೊಂಡಿತು. ಮೂರನೆಯ ಸಲ ಅಂಗೈ ಊರಿ ಒತ್ತಿದಾಗ ಪುಸ್ತಕದ ಬೆನ್ನಿನಲ್ಲಿ ಒಣಕಡ್ಡಿ ಮುರಿದಂಥ ಸದ್ದಾಗಿ, ಒಂದು ಕಂತೆ ಹಾಳೆ ಅರ್ಧ ಬೆರಳಿನಷ್ಟು ಹೊರಗೆ ಬಂತು.

ಪ್ರದರ್ಶನದ ಹಾಲಿನಲ್ಲಿ ಏಣಿ ಹತ್ತಿ ಮೊಳೆ ಹೊಡೆಯುತ್ತಿದ್ದವರ ಕೈ ನಿಂತಿತು.

"ಇದು ಪುಸ್ತಕ ಅಲ್ಲಮ್ಮ, ಇಟ್ಟಿಗೆ," ಎಂದರು ಮೇಷ್ಟ್ರು. ಬೈಯುವ ದನಿಯಲ್ಲೂ ಅಲ್ಲ, ಬೇಸರದ ದನಿಯಲ್ಲೂ ಅಲ್ಲ. ಅದೇ ಗೋಂದುವಿಗೆ ಹೆಚ್ಚು ಚುಚ್ಚಿದ್ದು. "ನಾಳಿದ್ದು ಹತ್ತಕ್ಕೆ ಬಾಗಿಲು ತೆಗೀತೀವಿ. ಅಷ್ಟರೊಳಗೆ ಇದು ತಾನಾಗಿ ಬಿಚ್ಚಿಕೊಂಡು ಮಲಗಿದ್ರೆ ಮೇಜು ನಿಂದು. ಇಲ್ಲಾಂದ್ರೆ ಮಡಕೆಯವನಿಗೆ ಕೊಟ್ಟುಬಿಡ್ತೀನಿ."

ಮಡಕೆ ಮಾಡುವ ಹುಡುಗ ತನಗೂ ದುಃಖವಾಗಿದೆ ಎಂಬಂತೆ ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಲ್ಲೇ ಮೇಜಿನ ಉದ್ದಗಲ ಅಳೆಯುತ್ತಿದ್ದ.

ಗೋಂದು ಎಂದರೆ ಚಿತ್ರಕಲಾ ಶಾಲೆಯ ಕೊನೆಯ ವರ್ಷದ ಹುಡುಗಿ. ಯಾವಾಗ ನೋಡಿದರೂ ಬೆರಳಲ್ಲಿ ಅಂಟು, ಕೂದಲಲ್ಲಿ ನೂಲು. ಗೆಳೆಯರು ಇಟ್ಟ ಈ ಹೆಸರು ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಹಾಜರಿ ಕೂಗುವ ಗುಮಾಸ್ತರೂ ಒಮ್ಮೊಮ್ಮೆ ಬಾಯಿತಪ್ಪಿ ಅದನ್ನೇ ಕೂಗುತ್ತಿದ್ದರು. ಗುಂಪು ಪ್ರದರ್ಶನಗಳು ಮಾತ್ರ ಅವಳಿಗೆ ಆಗಿಬಂದಿರಲಿಲ್ಲ. ಮೊದಲನೆಯದರಲ್ಲಿ ಅವಳ ಚಿತ್ರ ತೂಗುಹಾಕಿದ್ದು ಬಾಗಿಲ ಹಿಂದಿನ ಗೋಡೆಗೆ. ಜನ ಬಂದು ಬಾಗಿಲು ತೆರೆದರೆ ಚಿತ್ರ ಮಾಯ, ಜನ ಹೋಗಿ ಬಾಗಿಲು ಮುಚ್ಚಿದರೆ ಪ್ರತ್ಯಕ್ಷ. ಎರಡನೆಯದರಲ್ಲಿ ಜಾಗ ಸಾಲದೆಂದು ಕೈಬಿಟ್ಟರು. ಇದು ಮೂರನೆಯದು, ಕೊನೆಯದು. ಏಳು ಜನ ಚೀಟಿ ಎತ್ತಿದಾಗ ಬಾಗಿಲಿಗೆ ಎದುರಾಗಿರುವ ಮೇಜು ಇವಳ ಪಾಲಿಗೆ ಬಂದಿತ್ತು. ಒಳಗೆ ಬಂದವರು ಮೊದಲು ನೋಡುವುದೇ ಅದನ್ನು.

ಆ ಮೇಜಿಗಾಗಿ ಅವಳು ಕಟ್ಟಿದ್ದು ಕೈಗಳ ಪುಸ್ತಕ. ಒಂದು ವರ್ಷ ದಿನವೂ ಬಸ್ಸಿನಲ್ಲಿ ನಿಂತು ಬರೆದ ಕೈಗಳು: ಕಂಬಿ ಹಿಡಿದ ಕೈ, ಚೀಲ ಅಪ್ಪಿದ ಕೈ, ನಿದ್ದೆಹೋದವರ ತೊಡೆಯ ಮೇಲೆ ತೆರೆದುಬಿದ್ದ ಕೈ. ನಡುವೆ ಮಡಿಸಿದ ಮೂವತ್ತಾರು ದೊಡ್ಡ ಹಾಳೆ, ಎರಡೂ ಮಗ್ಗುಲಿಗೆ ಕರಿ ಶಾಯಿ. ಇನ್ನೊಂದು ಪ್ರತಿ ಇಲ್ಲ. ಮೇಷ್ಟ್ರು ಅವನ್ನು ನೋಡಿದಾಗ, "ಗೆರೆ ಚೆನ್ನಾಗಿದೆ. ಆದ್ರೆ ಯಾರೋ ನೋಡ್ತಿದ್ದಾರೆ ಅಂತ ಅದಕ್ಕೆ ಗೊತ್ತಿದೆ," ಎಂದಿದ್ದರು. ಅದರ ಅರ್ಥ ಅವಳಿಗೆ ಪೂರ್ತಿ ಆಗಿರಲಿಲ್ಲ, ಆದರೂ ಮರೆತಿರಲಿಲ್ಲ.

ಪುಸ್ತಕವನ್ನು ಎದೆಗವಚಿಕೊಂಡು ಅವಳು ನೇರ ಹೋದದ್ದು ದೊಡ್ಡಮ್ಮನ ಹತ್ತಿರ.

ಅಮ್ಮನ ಅಕ್ಕ ಹಳೆಯ ಗ್ರಂಥಾಲಯದಲ್ಲಿ ಬೈಂಡರು. ಕಟ್ಟಡದ ಹಿಂದುಗಡೆ, ನೆಲಮಟ್ಟದ ಒಂದು ಉದ್ದನೆಯ ಕೋಣೆ, ಎತ್ತರದ ಕಿಟಕಿ, ಎರಡು ಕಬ್ಬಿಣದ ಪ್ರೆಸ್ಸು, ಬೇಯಿಸಿದ ಮೈದಾ ಅಂಟಿನ ಹುಳಿವಾಸನೆ. ಇಪ್ಪತ್ತೊಂಬತ್ತು ವರ್ಷಗಳಿಂದ ಆ ಕೋಣೆ ಅವಳದು. ಸೂಜಿ ಹಿಡಿಯಲು, ಹಾಳೆ ಮಡಿಸಲು, ಅಂಟು ಕಾಯಿಸಲು ಗೋಂದು ಕಲಿತದ್ದೂ ಅಲ್ಲೇ.

ದೊಡ್ಡಮ್ಮ ಪುಸ್ತಕದ ಬೆನ್ನಿಗೆ ಉಗುರು ಒತ್ತಿ ನೋಡಿದಳು. ದಾರ ಕಟ್ಟಿದ ಕನ್ನಡಕವನ್ನು ಹಣೆಗೇರಿಸಿದಳು.

"ಬಿಳಿ ಅಂಟು."

"ಪ್ರದರ್ಶನದ ತಾರೀಖನ್ನ ನಾಲ್ಕು ದಿನ ಮುಂಚೆಗೆ ತಂದುಬಿಟ್ರು ದೊಡ್ಡಮ್ಮ. ಮೈದಾ ಅಂಟು ಒಣಗೋವರೆಗೂ ಕಾಯೋಕೆ..."

"ಎಷ್ಟು ಸಲ ಬಳಿದೆ?"

"ಮೂರು."

"ಮೂರು! ಗೋಡೆಗೂ ಎರಡೇ ಸಲ ಬಳಿಯೋದು ಕಣೇ."

ಗೋಂದುವಿಗೆ ಅಳು ಬಂತು. ದೊಡ್ಡಮ್ಮ ಅದನ್ನು ನೋಡಿಯೂ ನೋಡದವಳಂತೆ ಮೊಂಡು ಚಾಕು ಹುಡುಕಿದಳು.

"ನೋಡು, ನಮ್ಮ ಅಂಟಾದ್ರೆ ಒದ್ದೆ ಮಾಡಿ ಹತ್ತು ನಿಮಿಷ ಬಿಟ್ರೆ ತಾನಾಗೇ ಜಾಗ ಬಿಡುತ್ತೆ, ನೂರು ವರ್ಷ ಆಗಿದ್ರೂ. ಇದು ರಬ್ಬರು. ಬಗ್ಗೋದೂ ಇಲ್ಲ, ಬಿಡೋದೂ ಇಲ್ಲ. ಮುಂದಿನವರು ಏನು ಮಾಡ್ಬೇಕು?"

"ಯಾವ ಮುಂದಿನವರು?"

ದೊಡ್ಡಮ್ಮ ಪುಸ್ತಕವನ್ನು ಬೆನ್ನು ಮೇಲಾಗಿ ಮೇಜಿನ ಮೇಲೆ ನಿಲ್ಲಿಸಿದಳು. "ಆ ಕಡೆ ಕೂತ್ಕೋ, ಉಜ್ಜು," ಎಂದಳು.

ಮಧ್ಯಾಹ್ನದವರೆಗೂ ಇಬ್ಬರೂ ಹೆಬ್ಬೆರಳಿನಿಂದ ಉಜ್ಜಿದರು. ಅಂಟು ಸಣ್ಣ ಸಣ್ಣ ಎಳೆಯಾಗಿ ಸುತ್ತಿಕೊಂಡು ಉದುರಿತು. ಬಗ್ಗದ ಕಡೆ ದೊಡ್ಡಮ್ಮ ಚಾಕುವನ್ನು ಮಲಗಿಸಿ ಕೂದಲೆಳೆಯಷ್ಟು ಕೆರೆದಳು. ಪ್ರತಿ ಸಲ ಚಾಕು ಕಾಗದಕ್ಕೆ ತಾಗಿದಾಗಲೂ ಗೋಂದುವಿನ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ನೂಲು ಕತ್ತರಿಸಿ ಹಾಳೆಗಳನ್ನು ಹರಡಿದರು. ಚಿತ್ರಗಳು ಉಳಿದಿದ್ದವು. ಮಡಿಕೆಗಳು ಮಾತ್ರ ಇಲಿ ತಿಂದಂತಾಗಿದ್ದವು.

"ಮಡಿಕೆಗೆಲ್ಲ ತೆಳು ಕಾಗದದ ಪಟ್ಟಿ ಹಾಕ್ಬೇಕು."

"ಮೂವತ್ತಾರಕ್ಕೂನಾ?"

"ಬೇಡ, ನಿನಗೆ ಇಷ್ಟವಾದದ್ದಕ್ಕೆ ಹಾಕು. ಉಳಿದವು ಉದುರಲಿ."

ಮೂವತ್ತಾರು ಪಟ್ಟಿ ಅಂಟಿಸಿ, ನಡುನಡುವೆ ಹೀರುಕಾಗದ ಇಟ್ಟು, ಮೇಲೆ ಹಲಗೆ ಹೇರಿ ಆಯಿತು. ಒಣಗುವವರೆಗೆ ಮಾಡಲು ಏನೂ ಇರಲಿಲ್ಲ. ದೊಡ್ಡಮ್ಮ ತನ್ನ ಕೆಲಸದ ಕಡೆ ತಿರುಗಿದಳು. ಕಿಟಕಿಯ ಕೆಳಗಿನ ಮೇಜಿನ ಮೇಲೆ ಭೂಪಟಗಳ ದೊಡ್ಡ ಪುಸ್ತಕವೊಂದು ರಟ್ಟು ಕಳಚಿಕೊಂಡು ಬೋರಲು ಮಲಗಿತ್ತು. ಬೆಳಿಗ್ಗೆಯೇ ಅದರ ಬೆನ್ನಿಗೆ ದಪ್ಪಗೆ ಮೈದಾ ಅಂಟು ಮೆತ್ತಿದ್ದಳು. ಹಳೆಯ ಅಂಟು ಹೊಸ ಅಂಟಿನ ತೇವಕ್ಕೆ ಮೆತ್ತಗಾಗಿತ್ತು.

"ಬಾ ಇಲ್ಲಿ. ಮುಂದಿನವರು ಯಾರು ಅಂದ್ಯಲ್ಲ."

ಮಡಿಕೆ ಒತ್ತುವ ಮೂಳೆಯ ಪಟ್ಟಿಯಿಂದ ದೊಡ್ಡಮ್ಮ ಬೆನ್ನಿನ ಬಟ್ಟೆ ಎಬ್ಬಿಸಿದಳು. ಅದರಡಿ ಒಂದು ಕಾಗದದ ಪಟ್ಟಿ, ಬೆನ್ನಿಗೆ ಬಲ ಬರಲೆಂದು ಅಂಟಿಸಿದ್ದು. ತುದಿ ಹಿಡಿದು ಮೆಲ್ಲಗೆ ಎಳೆದಾಗ ಅದು ಎಲ್ಲೂ ಹರಿಯದೆ ಇಡಿಯಾಗಿ ಬಂತು. ಮಗುಚಿ ಹಾಕಿದಳು. ಒಳಮಗ್ಗುಲಲ್ಲಿ ಪೆನ್ಸಿಲಿನ ಬರಹ. ಎಂಬತ್ತೊಂದು ವರ್ಷ ಹಿಂದಿನ ತಾರೀಖು.

ಗೋಂದು ಬಗ್ಗಿ ಓದಿದಳು. "ಮಳೆ. ಅಂಟು ಒಣಗುತ್ತಿಲ್ಲ. ಮಗಳ ಜ್ವರ ಇಳಿಯಿತು."

"ಯಾರು ಬರೆದದ್ದು?"

"ಆಗ ಈ ಕೋಣೇಲಿ ಕೂತಿದ್ದವರು. ಹೆಸರು ಹಾಕಿಲ್ಲ. ನಾವು ಹಾಕೋದಿಲ್ಲ."

"ಇನ್ನೂ ಇದೆಯಾ?"

"ಸುಮ್ನಿರು, ನೋಡೋಣ."

ಆ ಪಟ್ಟಿಯ ಕೆಳಗೆ ಇನ್ನೊಂದಿತ್ತು, ಕಂದುಬಣ್ಣಕ್ಕೆ ತಿರುಗಿದ್ದು. ಇದನ್ನು ಬಿಡಿಸಲು ದೊಡ್ಡಮ್ಮ ಉಸಿರು ಹಿಡಿದಳು. ಅದರಲ್ಲಿ ಬರಹವಿರಲಿಲ್ಲ. ಅದನ್ನು ಕಟ್ಟಿದವರಿಗೆ ಬರೆಯಲು ಬರುತ್ತಿರಲಿಲ್ಲವೋ ಏನೋ. ನಟ್ಟನಡುವೆ ಶಾಯಿಯಲ್ಲಿ ಅದ್ದಿ ಒತ್ತಿದ ಒಂದು ಹೆಬ್ಬೆಟ್ಟಿನ ಗುರುತು, ಸುಳಿಸುಳಿಯೂ ಸ್ಪಷ್ಟ, ಒಂದು ಕಡೆ ಗಾಯದ ಅಡ್ಡಗೆರೆ.

ಗೋಂದುವಿನ ಮೈ ಜುಮ್ಮೆಂದಿತು. ಈ ಪುಸ್ತಕವನ್ನು ಎಷ್ಟು ಜನ ಬಿಚ್ಚಿರಬಹುದು, ಸಮುದ್ರಗಳ ಮೇಲೆ, ಬೆಟ್ಟಗಳ ಮೇಲೆ ಎಷ್ಟು ಬೆರಳು ಓಡಿರಬಹುದು! ಅಷ್ಟು ಕಾಲವೂ ಆ ಪ್ರಪಂಚದ ಬೆನ್ನಿಗಂಟಿಕೊಂಡು ಈ ಬೆರಳು ಕತ್ತಲಲ್ಲಿ ಕೂತಿತ್ತು. ಮಗಳ ಜ್ವರ ಇಳಿದ ಮನುಷ್ಯನೂ ಇದನ್ನು ನೋಡಿರಬೇಕು. ನೋಡಿ, ಹಾಗೇ ಇಟ್ಟು, ಮೇಲೆ ತನ್ನದೊಂದು ಅಂಟಿಸಿ ಹೋಗಿದ್ದಾನೆ. ಕೇಳದೆಯೇ ಅವಳು ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟಳು. ಅವಳದಕ್ಕಿಂತ ಅದು ಸ್ವಲ್ಪವೇ ದೊಡ್ಡದು.

"ಇದನ್ನ ಗಾಜಿನ ಪೆಟ್ಟಿಗೇಲಿಟ್ಟು ಜನಕ್ಕೆ ತೋರಿಸ್ಬೇಕು ದೊಡ್ಡಮ್ಮ!"

"ಜನಕ್ಕೆ ಅಂತ ಬರೆದದ್ದಲ್ಲ ಅದು. ಎಲ್ಲಿತ್ತೋ ಅಲ್ಲಿಗೇ ಹೋಗುತ್ತೆ."

ದೊಡ್ಡಮ್ಮ ಹೊಸ ಕಾಗದದಲ್ಲಿ ಒಂದು ಪಟ್ಟಿ ಕತ್ತರಿಸಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಒಂದು ಸಾಲು ಗೀಚಿದಳು. ಎದುರಿನಿಂದ ತಲೆಕೆಳಗಾಗಿ ಗೋಂದು ಓದಿಕೊಂಡಳು: "ಬಿಸಿಲು. ತಂಗಿಯ ಮಗಳು ಪಕ್ಕದಲ್ಲಿ ಕೂತಿದ್ದಾಳೆ."

ಎರಡು ಪ್ರದರ್ಶನ ಕಳೆದರೂ ಯಾರ ಕಣ್ಣಿಗೂ ಬೀಳದ ಗೋಂದು, ಹೀಗೆ ಕೇಳದೆಯೇ ಒಂದು ಪುಸ್ತಕದೊಳಗೆ ಸೇರಿಬಿಟ್ಟಿದ್ದಳು.

"ಇದನ್ನ ಯಾವಾಗ ಓದ್ತಾರೆ?"

"ನಾನು ಸರಿಯಾಗಿ ಕಟ್ಟಿದ್ರೆ ನೂರು ವರ್ಷಕ್ಕೆ. ಕಳಪೆ ಕಟ್ಟಿದ್ರೆ ನೀನೇ ಓದ್ತೀಯ."

ಮರುದಿನ ಬೆಳಿಗ್ಗೆ ಗೋಂದು ನಾಲ್ಕು ನಾಲ್ಕು ಹಾಳೆಯ ಒಂಬತ್ತು ಕಂತೆಗಳನ್ನೂ ಹೊಸ ನೂಲಿನಲ್ಲಿ ಹೊಲಿದಳು. ದೊಡ್ಡಮ್ಮ ಕೈ ಹಾಕಲಿಲ್ಲ, ಒಂದೆರಡು ಕಡೆ "ಸಡಿಲ" ಎಂದಳು, ಒಂದು ಕಡೆ "ನೂಲಿನ ಮೇಲೇನು ಸಿಟ್ಟು?" ಎಂದಳು. ಬೆನ್ನಿಗೆ ಮೈದಾ ಅಂಟು ಒಂದೇ ಸಲ, ತೆಳುವಾಗಿ. ಆಮೇಲೆ ದೊಡ್ಡಮ್ಮ ಬೆನ್ನಿನ ಅಳತೆಗೆ ಕತ್ತರಿಸಿದ ಪಟ್ಟಿಯೊಂದನ್ನು ಅವಳ ಮುಂದೆ ಇಟ್ಟಳು.

"ಬೆನ್ನು ಅಂಟನ್ನ ಸ್ವಲ್ಪ ಎಳೆದುಕೊಳ್ಳಲಿ. ಅಷ್ಟರಲ್ಲಿ ಬರೆಯೋದಿದ್ರೆ ಬರಿ."

"ಹೊರಗೆ ಮೇಜಿನ ಮೇಲಿಡೋ ಚೀಟೀಲಿ ನಿನ್ನ ಹೆಸರೂ ಹಾಕ್ತೀನಿ ದೊಡ್ಡಮ್ಮ. ನೀನಿಲ್ದಿದ್ರೆ..."

"ಅಯ್ಯೋ ಬೇಡಮ್ಮಾ. ಬೈಂಡರು ಹೊರಗೆ ಕಾಣಿಸಿಕೊಂಡ್ರೆ ಪುಸ್ತಕ ಬಿಚ್ಚಿಹೋಗಿದೆ ಅಂತ ಅರ್ಥ."

ಅಷ್ಟು ಹೇಳಿ ಅವಳು ಭೂಪಟಗಳ ಪುಸ್ತಕವನ್ನು ಹೊಲಿಯಲು ಕೂತಳು. ಗೋಂದು ಪಟ್ಟಿಯನ್ನು ನೋಡುತ್ತ ಕೂತಳು. ಎರಡು ಬೆರಳಗಲ, ಒಂದು ಗೇಣು ಉದ್ದ. ಏನು ಬರೆಯಬೇಕೆಂದು ತಿಳಿಯಲಿಲ್ಲ. ತಲೆಯೆತ್ತಿದಾಗ ಕಿಟಕಿಯ ಬೆಳಕಿನಲ್ಲಿ ದೊಡ್ಡಮ್ಮನ ಕೈಗಳು ಕಂಡವು. ವರ್ಷವಿಡೀ ಊರಿನವರ ಕೈಗಳನ್ನು ಬರೆದವಳು ಇವನ್ನು ಒಮ್ಮೆಯೂ ಬರೆದಿರಲಿಲ್ಲ. ಅವು ಯಾವಾಗಲೂ ಇದ್ದವು, ಅದಕ್ಕೇ ಇರಬೇಕು.

ಅವಳು ಶಾಯಿ ತೆಗೆದಳು. ಎಡಗೈ ಹಾಳೆಯ ಮಡಿಕೆಯೊಳಗೆ, ಬಲಗೈ ಹೊರಗೆ, ನಡುವೆ ಸೂಜಿ; ಕಣ್ಣು ನೋಡದ ಕಡೆ ಒಂದು ಕೈ ಕಳಿಸಿದ್ದನ್ನು ಇನ್ನೊಂದು ಇಸಿದುಕೊಳ್ಳುತ್ತಿತ್ತು. ಒಡೆದ ಉಗುರು, ಅಂಟಿನಿಂದ ನುಣುಪಾದ ಹೆಬ್ಬೆರಳಿನ ತುದಿ. ಗೆರೆ ಎಲ್ಲೂ ತಡೆಯಲಿಲ್ಲ. ಚೆನ್ನಾಗಿ ಬರುತ್ತಿದೆಯೇ ಎಂದು ಅವಳು ಕೇಳಿಕೊಳ್ಳಲಿಲ್ಲ, ಯಾರೂ ನೋಡುವುದಿಲ್ಲವಲ್ಲ. ಮುಗಿಸಿ ದೂರ ಹಿಡಿದಾಗ ಅವಳಿಗೇ ಭಯವಾಯಿತು. ಮೇಷ್ಟ್ರು ಹೇಳಿದ್ದರ ಅರ್ಥ ಈಗ ಆಯಿತು. ಮೂವತ್ತಾರು ಹಾಳೆಯಲ್ಲಿ ಇಲ್ಲದ್ದು ಈ ಎರಡು ಬೆರಳಗಲದ ಚೂರಿನಲ್ಲಿ ಬಂದು ಕೂತಿತ್ತು.

ಆಸೆ ಆಗಲಿಲ್ಲವೆಂದಲ್ಲ. ಚೌಕಟ್ಟು ಹಾಕಿ ಆ ಮೇಜಿನ ಮೇಲೆ ನಿಲ್ಲಿಸಿದರೆ? ಇಟ್ಟಿಗೆ ಎಂದವರು ಮಾತು ನಿಲ್ಲಿಸುತ್ತಿದ್ದರು, ಖಂಡಿತ. ಅವಳು ಪಟ್ಟಿಯನ್ನು ಅಂಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿ ನೋಡಿದಳು. ದೊಡ್ಡಮ್ಮ ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದಳು. ಶಾಯಿ ಒಣಗಿತು. ಒಣಗಿದ ಮೇಲೆ ಆ ಶಾಯಿ ನೀರಿಗೆ ಜಗ್ಗುವಂಥದ್ದಲ್ಲ.

"ಎಳೆದುಕೊಂಡಿದೆ ನೋಡು ಅಂಟು," ಎಂದಳು ದೊಡ್ಡಮ್ಮ ತಲೆಯೆತ್ತದೆಯೇ.

ಗೋಂದು ಚಿತ್ರವನ್ನು ಒಳಮುಖ ಮಾಡಿ, ಬೆನ್ನಿನ ಮೇಲಿಟ್ಟು, ಮೂಳೆಯ ಪಟ್ಟಿಯಿಂದ ಮೇಲಿನಿಂದ ಕೆಳಗೆ ಒಂದು ಸಲ ಒತ್ತಿ ಎಳೆದಳು. ಮೇಲೆ ಬಟ್ಟೆ ಬಂತು, ರಟ್ಟು ಬಂತು. ಪ್ರೆಸ್ಸಿನ ತಿರುಪು ಬಿಗಿಯಾಯಿತು.

ಪ್ರದರ್ಶನದ ದಿನ ಒಂಬತ್ತೂವರೆಗೆ ಮೇಷ್ಟ್ರು ಮೇಜಿನ ಹತ್ತಿರ ಬಂದರು. ಮಡಕೆಯವನು ಎರಡು ಮಡಕೆ ಕಂಕುಳಲ್ಲಿಟ್ಟುಕೊಂಡೇ ಹಿಂದೆ ನಿಂತಿದ್ದ. ಮೇಷ್ಟ್ರ ಕೈ ಪುಸ್ತಕದ ನಡುವಿಗೆ ಹೋಯಿತು.

"ತಾಳಿ ಸಾರ್," ಎಂದಳು ಗೋಂದು. "ಹೊಸ ಪುಸ್ತಕಾನ ಮೊದಲ ಸಲ ಹಾಗೆ ಬಿಚ್ಚಬಾರ್ದು."

ಬೆನ್ನನ್ನು ಮೇಜಿಗೆ ಊರಿ ನಿಲ್ಲಿಸಿ, ಮುಂದಿನ ರಟ್ಟನ್ನು ಮಲಗಿಸಿದಳು, ಹಿಂದಿನ ರಟ್ಟನ್ನು ಮಲಗಿಸಿದಳು. ಮುಂದಿನಿಂದ ನಾಲ್ಕು ಹಾಳೆ ಮಲಗಿಸಿ ಮಡಿಕೆಯನ್ನು ಸವರಿದಳು, ಹಿಂದಿನಿಂದ ನಾಲ್ಕು. ಮತ್ತೆ ಮುಂದೆ, ಮತ್ತೆ ಹಿಂದೆ. ಕೈಗಳು ಒಂದೊಂದಾಗಿ ಎರಡೂ ಕಡೆಗೆ ಒರಗಿದವು. ಏಣಿಯ ಮೇಲಿದ್ದವರು ಇಳಿದು ಬಂದರು. ನಡುವಿನ ಹಾಳೆ ಬಂತು. ಅವಳು ಕೈ ತೆಗೆದಳು.

ಪುಸ್ತಕ ಮಲಗಿತ್ತು. ಎರಡು ಪುಟಕ್ಕೂ ಹಬ್ಬಿದ ಬಸ್ಸಿನ ಕಂಬಿ, ಅದನ್ನು ಹಿಡಿದ ಹನ್ನೊಂದು ಕೈ, ನಡುವೆ ಎಲ್ಲೂ ತಗ್ಗಿಲ್ಲ, ಉಬ್ಬಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೇಜು ನಿಂದೇ," ಎಂದರು. ಮಡಕೆಯವನು ನಿಟ್ಟುಸಿರು ಬಿಟ್ಟು, ನಂತರ ತಾನೂ ಬಗ್ಗಿ ನೋಡತೊಡಗಿದ.

ದೊಡ್ಡಮ್ಮ ಬಂದದ್ದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಕೆಲಸದ ಬಟ್ಟೆಯಲ್ಲೇ. ಮೇಜಿನ ಸುತ್ತ ಜನವಿದ್ದರು; ತನ್ನ ಸರದಿ ಬರುವವರೆಗೆ ಕಾದಳು. ಎಲ್ಲರೂ ಪುಸ್ತಕವನ್ನು ಬಿಚ್ಚಿ ನೋಡಿದ್ದರೆ ಅವಳು ಮುಚ್ಚಿ ನೋಡಿದಳು. ಎರಡು ಕೈಯಲ್ಲಿ ಎತ್ತಿ, ಬೆನ್ನನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ನಿಧಾನವಾಗಿ ಸವರಿದಳು.

"ಒಳಗೇನು ಬರೆದೆ?" ಎಂದಳು ಪಿಸುದನಿಯಲ್ಲಿ.

"ಹೇಳಲ್ಲ. ಮುಂದಿನವರು ನೋಡ್ಲಿ."

ದೊಡ್ಡಮ್ಮ ನಕ್ಕಳು. "ಹಾಗಾದ್ರೆ ನನ್ನ ಪಾಲಿಗಿಲ್ಲ ಬಿಡು. ಚೆನ್ನಾಗಿ ಕಟ್ಟಿದೀಯ."

ಹೇಳುತ್ತ ಅವಳು ಬೆನ್ನನ್ನು ಇನ್ನೊಮ್ಮೆ ಸವರಿದಳು. ಹೆಬ್ಬೆರಳು ನಡುವಿಗೆ ಬಂದು ಸುಮ್ಮನೆ ಅಲ್ಲೇ ನಿಂತಿತು. ಬಟ್ಟೆಯಾಚೆ, ಕಾಗದದಾಚೆ, ಸರಿಯಾಗಿ ಅಲ್ಲಿಯೇ ಅದೇ ಹೆಬ್ಬೆರಳು ಸೂಜಿ ಹಿಡಿದು ಕೂತಿತ್ತು. ಗೋಂದು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ದೊಡ್ಡಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟು, ಬಿಡುವು ಮುಗಿಯಿತೆಂದು ಹೊರಟಳು.