ಮಾತಿಗೆ ಅಸ್ತರು

ಟೈಲರಮ್ಮ ಖರ್ಚನ್ನು ದುಡ್ಡಿನಲ್ಲಿ ಎಣಿಸುವವಳಲ್ಲ, ಕೋಟಿನಲ್ಲಿ ಎಣಿಸುವವಳು. ತಿಂಗಳ ಬಾಡಿಗೆ ಎಂದರೆ ಆರು ಕೋಟು ಹೊಲಿದ ಕೂಲಿ. ಹೊಸ ಕನ್ನಡಕ ಎಂದರೆ ಎರಡು ಕೋಟು, ಮೇಲೊಂದು ಪ್ಯಾಂಟಿನ ಅಂಚು. ಫ್ರೆಂಚ್ ಮೇಡಂ ಮನೆಯಲ್ಲಿ ಎರಡು ವಾರ ಇದ್ದು, ಉಂಡು, ಮಾತು ಕಲಿಯುವುದಕ್ಕೆ ಹನ್ನೊಂದು ಕೋಟು. ಆ ಎರಡು ವಾರ ಅಂಗಡಿ ಮುಚ್ಚುವುದರಿಂದ ಇನ್ನೂ ಏಳು. ಒಟ್ಟು ಹದಿನೆಂಟು.

"ಹದಿನೆಂಟು ಕೋಟು ಕೊಟ್ಟು ಮಾತು ಕೊಂಡ್ಕೋತೀಯಾ?" ಎಂದ ಪಕ್ಕದ ಅಂಗಡಿಯ ಚಪ್ಪಲಿ ರಿಪೇರಿಯವನು. "ನಿನ್ನ ಹತ್ರ ಇರೋದೇ ಈ ಬೀದಿಗೆ ಹೆಚ್ಚಾಗಿದೆಯಲ್ಲಮ್ಮ!"

"ಇರೋದು ಬೀದಿಗೆ. ಇದು ಬೀಗಿತ್ತಿಗೆ," ಎಂದು ಟೈಲರಮ್ಮ ಶಟರ್ ಎಳೆದಳು.

ಸಂಗತಿ ಇಷ್ಟೇ. ಲಿಫ್ಟ್ ರಿಪೇರಿ ಮಾಡುವ ಅವಳ ಮಗ ನಾಲ್ಕು ವರ್ಷದ ಹಿಂದೆ ಮದುವೆಯಾದದ್ದು ಫ್ರೆಂಚ್ ಮಾತಾಡುವ ಮನೆಯ ಹುಡುಗಿಯನ್ನು. ಸೊಸೆ ಬಂಗಾರದಂಥವಳು, ಆದರೆ "ಅಮ್ಮ, ಊಟ ಆಯ್ತಾ" ಬಿಟ್ಟರೆ ಮುಂದಿನ ಮಾತು ಬಾರದು. ಬೀಗಿತ್ತಿಗೆ, ಅಂದರೆ ಸೊಸೆಯ ತಾಯಿಗೆ, ಅಷ್ಟೂ ಬಾರದು. ಇಬ್ಬರು ತಾಯಂದಿರ ನಡುವೆ ಏನು ಹೋಗಬೇಕಾದರೂ ಮಗನ ಬಾಯಿಯ ಮೂಲಕವೇ ಹೋಗಬೇಕು. ಟೈಲರಮ್ಮನಿಗೆ ಮೊದಲಿನಿಂದಲೂ ಒಂದು ಗುಮಾನಿ: ತನ್ನ ಮಾತಿಗೆ ಈ ಹುಡುಗ ಎಲ್ಲೋ ಕತ್ತರಿ ಹಾಕುತ್ತಿದ್ದಾನೆ.

ಈಗ ಸೊಸೆಗೆ ಹೆರಿಗೆ ಹತ್ತಿರ ಬಂದಿತ್ತು. ಮಗನ ಎರಡು ಕೋಣೆಯ ಮನೆಯಲ್ಲಿ ಬೀಗಿತ್ತಿಯರು ಇಬ್ಬರೂ ಒಂದು ತಿಂಗಳು ಇರುವುದೆಂದು ನಿಶ್ಚಯವಾಗಿತ್ತು. ಮಗ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಬೀಗಿತ್ತಿ ಮೊದಲು ನರ್ಸ್ ಆಗಿದ್ದವಳು. ಮಗುವನ್ನು ಕೈಯಿಂದ ಬಿಡುವವಳಲ್ಲ. 'ಮೊಮ್ಮಗುವನ್ನು ಎತ್ತಿಕೊಳ್ಳಲು ಸನ್ನೆ ಮಾಡಿ ಬೇಡಬೇಕಾ? ಮಗನ ಮನೆಯಲ್ಲಿ ನಾನು ಮೂಲೆಯ ಕುರ್ಚಿ ಆಗಬೇಕಾ?' ಎಂಬ ಯೋಚನೆ ಟೈಲರಮ್ಮನಿಗೆ ನಿದ್ದೆ ಕೊಡಲಿಲ್ಲ. ಹಾಗಾಗಿ ಹದಿನೆಂಟು ಕೋಟು.

ಮೇಡಂ ಶಾಲೆಯಿಂದ ನಿವೃತ್ತಳಾದವಳು. ಹೊಲಿಗೆ ಯಂತ್ರದ ಸೂಜಿಯ ಹಾಗೆ ತೆಳ್ಳಗೆ, ನೆಟ್ಟಗೆ. ಹೊಸ್ತಿಲಲ್ಲೇ ತಡೆದು ಹೇಳಿದಳು: "ನೋಡಿ, ನಿಮಗೆ ಅರ್ಥ ಆಗೋ ಭಾಷೇಲಿ ನಾನು ಮಾತಾಡೋದು ಇದೇ ಕೊನೆ. ಒಳಗೆ ಕಾಲಿಟ್ಟ ಮೇಲೆ ಹಸಿವಾದ್ರೂ ಫ್ರೆಂಚ್, ಹಲ್ಲು ನೋವಾದ್ರೂ ಫ್ರೆಂಚ್. ಕೇಳೋದಿದ್ರೆ ಈಗಲೇ ಕೇಳಿಬಿಡಿ."

"ಬಚ್ಚಲು ಎಲ್ಲಿದೆ?" ಎಂದಳು ಟೈಲರಮ್ಮ. ಬದುಕು ಕಂಡವಳು.

ಮೊದಲ ದಿನಗಳಲ್ಲಿ ಬಾಯಿಗೆ ಹೊಲಿಗೆ ಬಿದ್ದಂತಾಯಿತು. ಇಡೀ ಬೀದಿಯನ್ನು ಮಾತಿನಲ್ಲಿ ಕುಣಿಸುತ್ತಿದ್ದವಳಿಗೆ ಒಂದು ಚಮಚ ಕೇಳಲು ಬೆವರು ಕಿತ್ತುಬರುತ್ತಿತ್ತು. ಮನೆಯ ಬೆಕ್ಕಿಗೂ ಅವಳಿಗಿಂತ ಚೆನ್ನಾಗಿ ಫ್ರೆಂಚ್ ಗೊತ್ತು. ಮೇಡಂ "ಇಳಿ" ಅಂದರೆ ಬೆಕ್ಕು ಕುರ್ಚಿಯಿಂದ ಇಳಿಯುತ್ತಿತ್ತು. ಟೈಲರಮ್ಮ ಗಾಬರಿಯಿಂದ ಎದ್ದು ನಿಲ್ಲುತ್ತಿದ್ದಳು. ಬಾಯಿಗೆ ಸಲೀಸಾಗಿ ಹತ್ತಿದ್ದು ಒಂದೇ ಮಾತು, ಮೆರ್ಸಿ, ಅಂದರೆ ಥ್ಯಾಂಕ್ಸ್. ಸೂಪಿಗೆ ಉಪ್ಪು ಕಡಿಮೆಯಾದರೂ ಮೆರ್ಸಿ, ಬೆಕ್ಕು ಕಾಲು ತುಳಿದರೂ ಮೆರ್ಸಿ.

ಅವಳನ್ನು ಕಾಪಾಡಿದ್ದು ಒಂದು ಕಿಟಕಿ. ಅವಳು ಮಲಗುವ ಕೋಣೆಯ ಕಿಟಕಿಯನ್ನು ಮೇಡಂ ದಿನಾ ಬಂದು ತೆರೆಯುವಳು, ಟೈಲರಮ್ಮ ಎದ್ದು ಮುಚ್ಚುವಳು. ಮತ್ತೆ ನೋಡಿದರೆ ತೆರೆದಿರುವುದು. ಒಂದು ವಾರ ತಾಳಿದಳು. ಒಂದು ಬೆಳಿಗ್ಗೆ ಮೂಗು ಕಟ್ಟಿ, ಕಣ್ಣು ಕೆಂಪಾಗಿ ತಿಂಡಿಯ ಮೇಜಿಗೆ ಬಂದವಳು "ಬೊಂಜೂರ್" ಕೂಡ ಅನ್ನದೆ, ಕೂಡಿಟ್ಟ ಫ್ರೆಂಚನ್ನೆಲ್ಲ ಒಮ್ಮೆಗೇ ಸುರಿದಳು:

"ಕಿಟಕಿ ಇಲ್ಲ! ನಾನು ಚಳಿ! ನಾನು ಮುದುಕಿ, ಮೀನು ಅಲ್ಲ! ನೀನು ತೆಗೆ, ನಾನು ಹಾಕು, ನೀನು ತೆಗೆ, ನಾನು ಹಾಕು. ಸಾಕು!"

"ಗಾಳಿ ಒಳ್ಳೇದು," ಎಂದಳು ಮೇಡಂ ಫ್ರೆಂಚಿನಲ್ಲೇ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ.

"ಒಳ್ಳೇದು! ಹೊರಗೆ!"

ಮೇಡಂ ಚಾಕು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. "ಬಂತು ನೋಡಿ! ಮೆರ್ಸಿ ಅನ್ನೋಕೆ ಗಿಣಿ ಸಾಕು. ಜಗಳಕ್ಕೆ ಸ್ವಂತ ನಾಲಿಗೆ ಬೇಕು. ನನ್ನ ಹತ್ರ ಬರೋರಿಗೆಲ್ಲ ಒಂದೊಂದು ಕಿಟಕಿ ಇರುತ್ತೆ, ಅದನ್ನ ಹುಡುಕೋದೇ ನನ್ನ ಕೆಲಸ."

ಅಂದಿನಿಂದ ಪಾಠವೆಂದರೆ ಜಗಳವೇ. ಸೂಪಿನ ಉಪ್ಪು, ಬೆಕ್ಕಿನ ಕೂದಲು, ಹಾಲಿನವನ ಅಳತೆ, ಯಾವುದನ್ನೂ ಬಿಡಲಿಲ್ಲ. ಎರಡನೆಯ ವಾರದ ಕೊನೆಗೆ ಮೇಡಂ ಕೇಳಿದಳು: "ಬೀಗಿತ್ತಿ ಹತ್ರ ಅಷ್ಟೊಂದು ಮಾತಾಡೋದು ಏನಿದೆ?"

ಟೈಲರಮ್ಮ ತಡವರಿಸುತ್ತ ಹೇಳಿದಳು. ಮದುವೆಯ ದಿನ ಸೊಸೆಯ ಉಡುಪು ಮಾಡಿಸಿದ್ದು ಬೀಗಿತ್ತಿ. ಕಂಕುಳಲ್ಲಿ ಸಡಿಲ, ಸೊಂಟದಲ್ಲಿ ಸೊಟ್ಟ. ಹುಡುಗನ ತಾಯಿ ಟೈಲರ್ ಅಂತ ಗೊತ್ತಿದ್ದೂ ಕೇಳಲಿಲ್ಲ! "ನಾನು ಮಗನಿಗೆ ಹೇಳಿದೆ, ಇದು ಗೂಟಕ್ಕೆ ಚೀಲ ತಗುಲಿಸಿದ ಹಾಗಿದೆ, ಹೇಳು ಅವಳಿಗೆ ಅಂತ. ಅವನು ಹೇಳಿದ. ಬೀಗಿತ್ತಿ ಕಣ್ಣೀರು ಹಾಕಿದಳು. ಆಮೇಲೆ ನನ್ನ ತಬ್ಬಿಕೊಂಡಳು."

"ಬೈಸಿಕೊಂಡು ತಬ್ಬಿಕೊಂಡಳಾ?"

"ಅದೇ ನನಗೂ ಅರ್ಥ ಆಗಿಲ್ಲ."

ಮೇಡಂ ಬೆಕ್ಕಿನ ತಲೆ ಸವರುತ್ತ ನಕ್ಕಳು.

ಹೆಣ್ಣು ಮಗು ಹುಟ್ಟಿತು. ಟೈಲರಮ್ಮ ಮಗನ ಮನೆಗೆ ಹೋಗಿ ಫ್ರೆಂಚಿನಲ್ಲಿ ಕುಶಲ ಕೇಳಿದಾಗ ಬೀಗಿತ್ತಿ ಬೆರಗಾಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಗನ ಮುಖ ಮಾತ್ರ ಯಾಕೋ ಬಿಳಿಚಿಕೊಂಡಿತು. ಎರಡು ದಿನ ಮೆರ್ಸಿಯಲ್ಲೇ ಕಳೆಯಿತು.

ಮೂರನೆಯ ದಿನ ಮಗ ಕೆಲಸಕ್ಕೆ ಹೋದ ಮೇಲೆ ಶುರುವಾಯಿತು. ಟೈಲರಮ್ಮ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದಳು. ಬೀಗಿತ್ತಿ ಬಂದು ಸಡಿಲ ಮಾಡಿದಳು. ಇವಳು ಮತ್ತೆ ಬಿಗಿ ಮಾಡಿದಳು. ಅವಳು ಮತ್ತೆ ಸಡಿಲ ಮಾಡಿದಳು. ಕಿಟಕಿಯ ಕಥೆಯೇ.

"ನೀನು ಬಿಚ್ಚು, ನಾನು ಸುತ್ತು. ಸಾಕು!" ಎಂದಳು ಟೈಲರಮ್ಮ. "ನಿನಗೆ ಎಲ್ಲಾ ಸಡಿಲ ಬೇಕು!"

"ಕಾಲು ಆಡೋಕೆ ಜಾಗ ಬೇಡ್ವಾ? ಅದು ಮಗು, ಪಾರ್ಸೆಲ್ ಅಲ್ಲ!" ಎಂದ ಬೀಗಿತ್ತಿ ಸೊಂಟಕ್ಕೆ ಕೈಕೊಟ್ಟಳು. "ಅಬ್ಬಾ, ಮದುವೆ ದಿನ ಎಂಥ ಜೇನಿನಂಥ ಮಾತಾಡಿದ್ರಿ! ಆ ಹೆಂಗಸು ಎಲ್ಲಿ ಹೋದಳು?"

"ಯಾವ ಜೇನು?"

"ನನಗೊಬ್ಬ ಮಗಳಿದ್ದಿದ್ರೆ ಇದೇ ಉಡುಪಿನಲ್ಲಿ ಮದುವೆ ಮಾಡ್ತಿದ್ದೆ ಅಂದ್ರಲ್ಲ. ನಾಲ್ಕು ವರ್ಷ ಆಯ್ತು, ನಾನು ಮರೆತಿಲ್ಲ."

ಟೈಲರಮ್ಮ ಒಂದು 'ಹೌದು' ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹದಿನೆಂಟು ಕೋಟು ಸುರಿದದ್ದು ಬೇರೆಯವರ ಮಾತನ್ನು ತನ್ನದೆಂದು ಒಪ್ಪಿಕೊಳ್ಳುವುದಕ್ಕಲ್ಲ.

"ನಾನು ಹಾಗೆ ಹೇಳಲಿಲ್ಲ," ಎಂದಳು. "ಗೂಟಕ್ಕೆ ಚೀಲ ತಗುಲಿಸಿದ ಹಾಗೆ ಅಂತ ಹೇಳಿದೆ."

ಬೀಗಿತ್ತಿಯ ಮುಖ ಕೆಂಪೇರಿತು. ಮಂಚದ ಮೇಲಿದ್ದ ಸೊಸೆ ಹೊದಿಕೆಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ಕೆಟ್ಟಿತು ಎಂದುಕೊಂಡಳು ಟೈಲರಮ್ಮ; ಮುಂದಿನ ರೈಲು ಎಷ್ಟು ಹೊತ್ತಿಗೋ.

"ಆ ದಿನ ನಿಮ್ಮನ್ನ ನೋಡಿದ ಕೂಡಲೆ ನಾನೂ ಒಂದು ಮಾತು ಹೇಳಿದ್ದೆ," ಎಂದಳು ಬೀಗಿತ್ತಿ ಕೊನೆಗೆ. "ಅಳಿಯ ಅದನ್ನ ನಿಮಗೆ ಏನು ಅಂತ ಹೇಳಿದ?"

"ನಾನು ನಿನಗೆ ಅಕ್ಕನ ಹಾಗೆ ಅಂತ."

"ಅಕ್ಕ? ನಿಮಗಿಂತ ನಾನೇ ಎರಡು ವರ್ಷ ದೊಡ್ಡವಳು! ನಾನು ಕೇಳಿದ್ದು, ಈ ಯಮ್ಮ ಬೆಳಿಗ್ಗೆ ಎದ್ದು ಸೂಜಿ ನುಂಗಿದ್ದಾರಾ, ಮುಖ ಯಾಕೆ ಹೀಗಿದೆ ಅಂತ!"

ಮೊದಲು ನಕ್ಕಿದ್ದು ಹೊದಿಕೆಯ ಒಳಗಿದ್ದ ಸೊಸೆ. ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ಮಗು ಎದ್ದು ಅತ್ತಿತು. ಇಬ್ಬರೂ ಸೇರಿ ಸುತ್ತಿದರು: ಎದೆಯ ಹತ್ತಿರ ಟೈಲರಮ್ಮನ ಬಿಗಿ, ಕಾಲಿನ ಹತ್ತಿರ ಬೀಗಿತ್ತಿಯ ಸಡಿಲ.

ಸಂಜೆ ಮಗ ಬಾಗಿಲು ತೆಗೆದಾಗ ತಾಯಿ, ಅತ್ತೆ ಒಂದೇ ಸೋಫಾದ ಮೇಲೆ ತೋಳುಕಟ್ಟಿ ಕೂತಿದ್ದರು.

"ಬಾಪ್ಪಾ ಜೇನುಹುಳ," ಎಂದಳು ಟೈಲರಮ್ಮ.

ಅವನಿಗೆ ಎಲ್ಲವೂ ತಿಳಿಯಿತು. "ಅಮ್ಮಾ, ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಮದುವೆ ದಿನಾನೇ ನೀವಿಬ್ರೂ ಜುಟ್ಟು ಹಿಡ್ಕೋತಿದ್ರಿ. ನಾಲ್ಕು ವರ್ಷ ಚೆನ್ನಾಗೇ ಇದ್ರಲ್ಲ?"

"ಕತ್ತರಿ ಹಾಕ್ತಿದ್ದೀಯ ಅಂದ್ಕೊಂಡಿದ್ದೆ ಕಣೋ. ನೀನು ಅಸ್ತರು ಕೊಟ್ಟಿದ್ದೀಯ."

"ಏನಂದ್ರಿ? ನನಗೂ ಹೇಳಿ," ಎಂದಳು ಬೀಗಿತ್ತಿ. ಆ ಪದಕ್ಕೆ ಫ್ರೆಂಚಿನಲ್ಲಿ ಏನನ್ನುತ್ತಾರೋ ಟೈಲರಮ್ಮನಿಗೆ ಗೊತ್ತಿರಲಿಲ್ಲ. ತನ್ನ ಕೋಟಿನ ಅಂಚು ತಿರುವಿ, ಒರಟು ಉಣ್ಣೆ ಮೈಗೆ ಚುಚ್ಚದಂತೆ ಒಳಗೆ ಹೊಲಿದ ನುಣುಪು ಬಟ್ಟೆ ತೋರಿಸಿದಳು. ಬೀಗಿತ್ತಿ ಅದನ್ನು ಮುಟ್ಟಿ ನೋಡಿ, ಅಳಿಯನ ಕಡೆ ನೋಡಿ, ತಲೆದೂಗಿದಳು.

ಹದಿನೆಂಟು ಕೋಟು ಹೋದವು. ನಾಲ್ಕು ವರ್ಷದಿಂದ ಕೇಳಿಬಂದ ಸಿಹಿ ಮಾತೂ ಹೋಯಿತು. ಟೈಲರಮ್ಮನನ್ನು ಅಕ್ಕನಂಥವಳು ಅನ್ನುವವರು ಇನ್ನು ಯಾರೂ ಇಲ್ಲ. ಆ ತಿಂಗಳಿಡೀ ಮಗು ಮಧ್ಯಾಹ್ನದವರೆಗೆ ಬೀಗಿತ್ತಿಯ ಮಡಿಲಲ್ಲಿತ್ತು, ಆಮೇಲೆ ಟೈಲರಮ್ಮನ ಮಡಿಲಲ್ಲಿ. ಜಗಳವಾಡಲು ಒಬ್ಬಳು ಸಿಕ್ಕಿದ್ದಳು.